ಜಾರದವರ ದಾರಿ

ಮೊದಲೇ ಹೇಳಿಬಿಡುತ್ತೇನೆ: ಜಾರುವವರ ಊರಿನಲ್ಲಿ ಇದು ನಡೆಯುವವರ ಕಥೆ. ಹಾಗಾಗಿ ನಡೆದ ಕಥೆಯೇ, ಹೆಣೆದದ್ದಲ್ಲ.

ಫೆಬ್ರವರಿಯ ಗುರುವಾರ, ಬೆಳಗಿನ ಐದೂವರೆ. ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗೆ. ಲೆರ್ಖ್‌ಬಾಕ್ ಚರ್ಚಿನ ಹಿಂದಿನ ಶೆಡ್ಡಿನಿಂದ ನೋಟ್‌ಬುರ್ಗಾ ತಮ್ಮ ಪುಟ್ಟ ಬಂಡಿಯನ್ನು ಹೊರಗೆ ತೆಗೆಯುತ್ತಿದ್ದಾರೆ. ಬಂಡಿಗೆ ಗಾಲಿಯ ಬದಲು ರಬ್ಬರಿನ ಪಟ್ಟಿ, ಹಿಂದೆ ಒಂದು ಕಬ್ಬಿಣದ ಉರುಳೆ. ರಾತ್ರಿ ಬಿದ್ದ ಗೇಣುದ್ದ ಹಿಮವನ್ನು ಅದು ಒತ್ತಿ ಒತ್ತಿ ಚಾಪೆ ಹಾಸಿದಂತೆ ಮಾಡುತ್ತ ಹೋಗುತ್ತದೆ. ಅದೇ ಹೊತ್ತಿಗೆ ಮೇಲಿನ ಬೆಟ್ಟದಲ್ಲಿ ಸ್ಕೀ ಇಳಿಜಾರುಗಳನ್ನು ಸಮ ಮಾಡುವ ಎಂಟು ದೈತ್ಯ ಯಂತ್ರಗಳು ದೀಪ ಉರಿಸಿಕೊಂಡು ಓಡಾಡುತ್ತಿವೆ. ಊರಿನ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳೂ ಅವುಗಳದ್ದೇ ಫೋಟೊ. ನೋಟ್‌ಬುರ್ಗಾ ಅವರ ಬಂಡಿಗೆ ಇನ್ನೂ ಯಾವ ತಿಂಗಳೂ ಸಿಕ್ಕಿಲ್ಲ.

ಊರಿಗೆಲ್ಲ ಅವರು ಬುರ್ಗಿ. ವಯಸ್ಸು ಅರವತ್ತೆರಡು. ಆಸ್ಟ್ರಿಯದ ನಮ್ಮ ಟೈರೋಲಿನ ಕಣಿವೆಯಲ್ಲಿ ಸಾವಿರ ಮೀಟರ್ ಎತ್ತರ ದಾಟಿದರೆ ಎಲ್ಲರಿಗೂ ಏಕವಚನ. ಲೆರ್ಖ್‌ಬಾಕ್ ಇರುವುದು ಸಾವಿರದ ಮುನ್ನೂರರಲ್ಲಿ, ಮಂತ್ರಿ ಬಂದರೂ 'ಬಾರೋ'. ಈ ಪತ್ರಿಕೆ ಓದುವವರು ತಗ್ಗಿನಲ್ಲಿರುವುದರಿಂದ ನಾನು ಬಹುವಚನದಲ್ಲೇ ಬರೆಯುತ್ತಿದ್ದೇನೆ. ಬುರ್ಗಿಗೆ ಗೊತ್ತಾದರೆ ನಗುತ್ತಾರೆ.

ಅವರು ಮಾಡುವ ದಾರಿ ಸ್ಕೀ ಬಾರದವರದ್ದು. ಹೆಂಡತಿಯನ್ನೋ ಗಂಡನನ್ನೋ ಮಕ್ಕಳನ್ನೋ ಕೇಬಲ್ ಕಾರ್ ಹತ್ತಿಸಿ ಕೆಳಗೆ ಉಳಿದವರು, ಮಂಡಿ ಸವೆದವರು, ಬಸುರಿಯರು, ಎತ್ತರ ಕಂಡರೆ ತಲೆ ತಿರುಗುವವರು, ಹಿಮ ನೋಡಲು ಬಂದು ಹಿಮಕ್ಕೇ ಹೆದರುವವರು, ಎಲ್ಲರೂ ಇಲ್ಲಿ ನಡೆಯುತ್ತಾರೆ. ಚರ್ಚಿನಿಂದ ಕೊಳದ ದಡದ ಊಟದ ಗುಡಿಸಲಿನವರೆಗೆ ನಾಲ್ಕು ಕಿಲೋಮೀಟರ್. ಇನ್ನೂರ ಹನ್ನೆರಡು ಗುರುತಿನ ಕೋಲು, ಹನ್ನೊಂದು ಬೆಂಚು. ಬೆಂಚಿನ ಹಿಮ ಗುಡಿಸಿ ಕುರಿಯ ಚರ್ಮ ಹಾಸುವುದೂ, ಏರಿನಲ್ಲಿ ಬಕೆಟ್‌ನಿಂದ ಜಲ್ಲಿಪುಡಿ ಎರಚುವುದೂ ಅವರೇ. ದಿನಕ್ಕೆ ಮೂರು ಬಕೆಟ್. ಇಪ್ಪತ್ತಾರು ಚಳಿಗಾಲ.

"ಬಿದ್ದವರ ಲೆಕ್ಕ ಎಷ್ಟು?" ಎಂದು ಕೇಳುತ್ತೇನೆ.

"ನಾಲ್ಕು ಜನ. ಅದ್ರಲ್ಲಿ ಇಬ್ಬರು ಕುಡಿದಿದ್ರು, ಅವ್ರನ್ನ ನನ್ನ ಖಾತೆಗೆ ಹಾಕ್ಬೇಡ," ಎನ್ನುತ್ತಾರೆ.

ಸೋಜಿಗವೆಂದರೆ ಬುರ್ಗಿಗೂ ಸ್ಕೀ ಬರುವುದಿಲ್ಲ. ಹಾಲುಹಲ್ಲು ಬೀಳುವ ಮೊದಲೇ ಮಕ್ಕಳು ಇಳಿಜಾರಿನಲ್ಲಿರುವ ಈ ಊರಿನಲ್ಲಿ ಇದು ಹೇಳಿಕೊಳ್ಳುವ ಮಾತಲ್ಲ. "ನಾವು ಏಳು ಮಕ್ಕಳು, ಮನೇಲಿ ಎರಡು ಜೊತೆ ಸ್ಕೀ. ದೊಡ್ಡಣ್ಣನಿಂದ ಇಳಿದು ಇಳಿದು ನನ್ನ ಕೈಗೆ ಬರೋ ಹೊತ್ತಿಗೆ ಒಂದು ಸೀಳಿತ್ತು, ಇನ್ನೊಂದು ಒಲೆಗೆ ಹೋಗಿತ್ತು. ಅಣ್ಣಂದಿರು ಜಾರ್ಕೊಂಡು ಸ್ಕೂಲಿಗೆ ಹೋಗೋರು, ನಾನು ಅವ್ರ ಗುರುತು ಹಿಡ್ಕೊಂಡು ನಡೆಯೋಳು. ಹಿಮದಲ್ಲಿ ಎಲ್ಲಿ ಕಾಲಿಟ್ರೆ ಹೂತೋಗಲ್ಲ ಅಂತ ಆಗ್ಲೇ ಕಲ್ತೆ." ಅಣ್ಣಂದಿರ ಬಹುಮಾನದ ಬಟ್ಟಲುಗಳು ಇಂದಿಗೂ ಊರಿನ ಹೋಟೆಲಿನ ಕಪಾಟಿನಲ್ಲಿವೆ.

ಬಂಡಿ ಎರಡೂವರೆ ಕಿಲೋಮೀಟರ್ ಏರುತ್ತದೆ. ಅಲ್ಲಿ ನಿಲ್ಲುತ್ತದೆ. ಎದುರಿಗೆ ಅಡ್ಡಲಾಗಿ ಎರಡು ಮರದ ಗಳು, ಹೊಸದಾಗಿ ಕಡಿದವು, ಇನ್ನೂ ಅಂಟು ಆರಿಲ್ಲ. ಬುರ್ಗಿ ಇಳಿಯುತ್ತಾರೆ, ಗಳುವಿನ ಮೇಲಿನ ಹಿಮವನ್ನು ಕೈಯಿಂದ ಸವರುತ್ತಾರೆ, ಬಂಡಿ ತಿರುಗಿಸುತ್ತಾರೆ. ಬೇಲಿಯಾಚೆ ಇನ್ನೂರು ಹೆಜ್ಜೆ ಹುಲ್ಲುಗಾವಲು, ಆಮೇಲೆ ಕಾಡು, ಕೊಳ, ಗುಡಿಸಲು. ಒಳ್ಳೆಯ ಮೂರು ಬೆಂಚುಗಳೂ ಅಲ್ಲೇ ಉಳಿದಿವೆ. ಎಡಕ್ಕೆ ಕಂದರ, ಬಲಕ್ಕೆ ಸ್ಕೀ ಇಳಿಜಾರು. ಬಳಸಿ ಹೋಗಲು ಜಾಗವಿಲ್ಲ.

ಆ ಇನ್ನೂರು ಹೆಜ್ಜೆ ನೆಲ ಫೈಟ್ ಅವರದು. ವಯಸ್ಸು ಎಪ್ಪತ್ತೆಂಟು, ಹದಿನಾಲ್ಕು ಹಸು, ಹೆಸರು ನಿಜವಾಗಿಯೂ ಫೈಟ್. ಹೆಸರಿಗೆ ತಕ್ಕಂತೆ ಜಗಳಗಂಟರೇ ಎಂದರೆ ಅಲ್ಲ. ಇಪ್ಪತ್ತೈದು ವರ್ಷ ಆ ನೆಲದ ಮೇಲೆ ಜನ ನಡೆದದ್ದು ಅವರ ಒಂದೇ ಒಂದು ಕೈಯ ಮೇಲೆ.

ಇಲ್ಲಿನ ಪದ್ಧತಿ ಅದು. ಚಳಿಗಾಲದ ದಾರಿ ಐವರು ರೈತರ ಹುಲ್ಲುಗಾವಲು ದಾಟುತ್ತದೆ. ನವೆಂಬರ್ ಹನ್ನೊಂದು, ಸಂತ ಮಾರ್ಟಿನ್ ಹಬ್ಬದ ದಿನ, ದಾರಿ ಮಾಡುವವರು ಐದೂ ಅಡುಗೆಮನೆಗಳಿಗೆ ಹೋಗಬೇಕು. ಒಲೆಯ ಪಕ್ಕ ಕೂರಬೇಕು, ಒಂದು ಗುಟುಕು ಹಣ್ಣಿನ ಸಾರಾಯಿ ಕುಡಿಯಬೇಕು, ಹಸುವಿನ ಕೆಚ್ಚಲು, ಸೊಂಟನೋವು, ಸತ್ತವರು, ಹುಟ್ಟಿದವರು ಎಲ್ಲ ಮಾತಾಡಬೇಕು. ಏಳುವಾಗ ಕೈ ಕೊಡಬೇಕು. ನಮ್ಮ ಕನ್ನಡದಲ್ಲಿ ಕೈ ಕೊಟ್ಟರೆ ಕೆಟ್ಟೆ. ಇಲ್ಲಿ ಕೈ ಕೊಟ್ಟರೆ ಮುಗಿಯಿತು, ಏಪ್ರಿಲ್‌ವರೆಗೆ ನೆಲ ನಿನ್ನದು. ದಾರಿಯ ಬಗ್ಗೆ ಮಾತ್ರ ಯಾರೂ ಒಂದು ಮಾತು ಎತ್ತುವುದಿಲ್ಲ.

ಕಳೆದ ವರ್ಷ ಪ್ರವಾಸ ಕಚೇರಿಗೆ ಹೊಸ ವ್ಯವಸ್ಥಾಪಕ ಬಂದ. ಬುರ್ಗಿ ಮೂಗು ಬಿಗಿ ಹಿಡಿದು ಅವನ ದನಿ ತೆಗೆಯುತ್ತಾರೆ: "'ನೋಡಿ ಮೇಡಂ, ಎಲ್ಲಾ ಬರವಣಿಗೆಯಲ್ಲಿ ಇರ್ಬೇಕು. ಬ-ರ-ವ-ಣಿ-ಗೆ!' ಮೇಡಂ ಅಂತೆ, ಸಾವಿರದ ಮುನ್ನೂರು ಮೀಟರ್‌ನಲ್ಲಿ!" ಅವನು ಐದು ಫಾರಂ ಅಚ್ಚು ಹಾಕಿಸಿ ಕೊಟ್ಟ. ಮಾರ್ಟಿನ್ ಹಬ್ಬದಂದು ಬುರ್ಗಿಗೆ ಸೊಂಟ ಹಿಡಿದಿತ್ತು, ಮೂಳೆ ಕೊರೆಯುವ ಮಳೆ. ಐದನ್ನೂ ಅಂಚೆಗೆ ಹಾಕಿದರು.

ನಾಲ್ಕು ಸಹಿಯಾಗಿ ಬಂದವು. ಫೈಟ್ ಅವರ ಲಕೋಟೆಯಲ್ಲಿ ಫಾರಂ ಇರಲಿಲ್ಲ, ಒಂದು ಚಿಟಿಕೆ ಒಣಹುಲ್ಲಿತ್ತು, ನನ್ನ ನೆಲದಿಂದ ನಿನಗೆ ಇಷ್ಟೇ ಎಂಬಂತೆ.

"ಅದನ್ನ ನೋಡಿದ ತಕ್ಷಣ ಓಡಿ ಹೋಗಬೇಕಿತ್ತು," ಎನ್ನುತ್ತಾರೆ ಬುರ್ಗಿ. "ನನಗೂ ಸಿಟ್ಟು ಬಂತು. ಇಷ್ಟು ವರ್ಷದ ಸ್ನೇಹ, ಒಂದು ಕಾಗದಕ್ಕೆ ಹಿಂಗಾ ಅಂತ. ಮೂರು ವಾರ ಬಿಟ್ಟು ಹೋದೆ. ಅಷ್ಟರಲ್ಲಿ ದಾರಿಗೆ ಅಡ್ಡ ಗಳು ಬಿದ್ದಿತ್ತು. ಅವನು ಬಾಗಿಲು ತೆಗೀಲಿಲ್ಲ. ಕಿಟಕೀಲಿ ಕೂತ್ಕೊಂಡು, 'ಫಾರಂ ಕಳ್ಸು ಬುರ್ಗಿ, ಓದಿ ನೋಡ್ತೀನಿ' ಅಂದ. ಅರ್ಧ ಗಂಟೆ ಉಳಿಸೋಕೆ ಹೋಗಿ ಒಂದು ಚಳಿಗಾಲ ಕಳ್ಕೊಂಡೆ."

ಕಚೇರಿಯವರದ್ದು ಈಗ ಒಂದೇ ಮಾತು. ಈ ಶನಿವಾರದೊಳಗೆ ದಾರಿ ಪೂರ್ತಿಯಾಗದಿದ್ದರೆ ಮುಂದಿನ ವರ್ಷದ ನಕ್ಷೆಯಲ್ಲಿ ಅದು ಇರುವುದಿಲ್ಲ. ಉರುಳೆ ಮಾರುತ್ತಾರೆ. ಸ್ಕೀ ಬಾರದವರು ಹೋಟೆಲಿನ ಬಿಸಿನೀರಿನ ಕೊಳದಲ್ಲಿ ಕೂತು ಕಿಟಕಿಯಿಂದ ಬೆಟ್ಟ ನೋಡಿದರೆ ಸಾಕಂತೆ.

ಆದರೆ ಬುರ್ಗಿಯನ್ನು ಕೊರೆಯುವುದು ನಕ್ಷೆಯಲ್ಲ, ಓನ್ನೊ. ಉತ್ತರ ಜರ್ಮನಿಯ ಕಡಲತೀರದ ಎಮ್ಡನ್‌ನ ನಿವೃತ್ತ ಹಡಗುಗಾರ, ಎಂಬತ್ತೊಂದು ವರ್ಷ. ಹತ್ತೊಂಬತ್ತು ಚಳಿಗಾಲ ಹೆಂಡತಿ ಗೇಶೆಯೊಂದಿಗೆ ಬಂದವರು, ಒಮ್ಮೆಯೂ ಸ್ಕೀ ಕಾಲಿಗೆ ಕಟ್ಟದವರು.

"ಅವಳು ಮೇಲಿಂದ ಜಾರ್ಕೊಂಡು ಬರ್ತಾಳೆ, ಅವನು ಕೆಳಗಿಂದ ನಡ್ಕೊಂಡು ಹೋಗ್ತಾನೆ. ಹನ್ನೆರಡೂವರೆಗೆ ಕೊಳದ ಗುಡಿಸಲಲ್ಲಿ ಇಬ್ಬರೂ ಸೇರ್ತಾರೆ. ಒಂದೇ ಬಟ್ಟಲು ಬಾರ್ಲಿ ಸೂಪು, ಎರಡು ಚಮಚ. ಅವರ ರಜೆ ಅಂದ್ರೆ ಅದೇ. ಜನ ಕೇಳೋರು, ಸ್ಕೀ ಬರದೆ ಇಲ್ಲೇನ್ ಮಾಡ್ತೀಯೋ ಅಂತ. 'ಹೆಂಡತೀನ ದಿನಾ ಒಂದ್ಸಲ ಹೊಸದಾಗಿ ಭೇಟಿ ಆಗ್ತೀನಿ' ಅನ್ನೋನು."

ಈ ಜನವರಿಯಲ್ಲೂ ಬಂದಿದ್ದರು. ದಾರಿ ಮುಚ್ಚಿದೆಯೆಂದು ಹೇಳಹೊರಟ ಬುರ್ಗಿ ಹೇಳಲಾಗದೆ ತಡ ಮಾಡಿದರು. ಓನ್ನೊ ಗಳುವಿನವರೆಗೆ ನಡೆದು, ನಿಂತು, ಹಿಂದಿರುಗಿದರು. ಮೇಲೆ ಗೇಶೆ ನಲವತ್ತು ನಿಮಿಷ ಕಾದರು. ಇಷ್ಟು ದೂರದ ಪ್ರಯಾಣ ಇನ್ನು ಆಗದು, ಇದೇ ಕೊನೆ ಎಂದು ಊರು ಬಿಡುವ ದಿನ ಹೇಳಿದರಂತೆ.

"ಕೊನೇ ಸಲದ ಸೂಪು ಬೇರೆ ಬೇರೆ ಕುಡಿದ್ರು," ಎಂದು ಬುರ್ಗಿ ಪೊರಕೆ ಕೈಗೆತ್ತಿಕೊಳ್ಳುತ್ತಾರೆ. ಗುಡಿಸಿಯಾಗಿದ್ದ ಬೆಂಚನ್ನು ಮತ್ತೆ ಗುಡಿಸುತ್ತಾರೆ.

ಈ ಗುರುವಾರ ಎಂದೆನಲ್ಲ, ಇದು ಹುಚ್ಚು ಗುರುವಾರ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ಶುರುವಾಗುವ ಮೊದಲಿನ ಮುಖವಾಡದ ಹಬ್ಬ. ಇವತ್ತು ಮುಖವಾಡ ತೊಟ್ಟವರಿಗೆ ಯಾವ ಮನೆಯವರೂ ಬಾಗಿಲು ಮುಚ್ಚುವಂತಿಲ್ಲ. ಮುಖವಾಡದವರು ಬಾಯಿ ಬಿಡುವಂತಿಲ್ಲ. ಆಟ ಕಟ್ಟಿ ಅಣಕಿಸಬಹುದು. ಒಳಗಿರುವುದು ಯಾರೆಂದು ಮನೆಯವರು ಗುರುತಿಸಬೇಕು. ಅದಕ್ಕೆ ಬರಿಗೈ ಮುಟ್ಟಿ ನೋಡಬಹುದು, ಮುಖವಾಡ ಎಳೆಯುವಂತಿಲ್ಲ.

ಬ್ರೆಡ್ಡಿನ ಅಂಗಡಿಯ ಆಫ್ರಾ ಬೆಳಗಿನ ಒಂಬತ್ತಕ್ಕೆ ಬುರ್ಗಿಯನ್ನು ಹಿಡಿದು ನಿಲ್ಲಿಸುತ್ತಾರೆ. ಚರ್ಚಿನ ಹಾಡುಗಾರ್ತಿಯರ ಮುಂದಾಳು ಅವರು.

"ಮಧ್ಯಾಹ್ನ ಫೈಟ್ ಮನೆಗೆ ಹೋಗ್ತಿದ್ದೀವಿ. ನೀನೂ ಬಾ."

"ನಾನು ಬರಲ್ಲಮ್ಮ. ಅವನು ಕಿಟಕೀಲಿ ಮಾತಾಡ್ಸಿದ್ದು ಸಾಕು."

"ಇವತ್ತು ಕಿಟಕಿ ಇಲ್ಲ ಕಣೇ, ಬಾಗಿಲೇ. ನೀನು ಫೈಟ್ ಆಗು. ಅವನ ನಡಿಗೆ ನಿನ್ನಷ್ಟು ಚೆನ್ನಾಗಿ ಯಾರು ತೆಗೀತಾರೆ?"

"ನಗಲ್ಲ ಅವನು."

"ನಗದಿದ್ರೆ ಕೈ ಕೇಳ್ತಾನೆ. ಕೇಳೇ ಕೇಳ್ತಾನೆ," ಎಂದು ಆಫ್ರಾ ಕಣ್ಣು ಮಿಟುಕಿಸುತ್ತಾರೆ. ಆಗ ಬುರ್ಗಿಗೆ ವಿಷಯ ಹೊಳೆಯುತ್ತದೆ. ಫೈಟ್ ತೊಡುವಂಥ ಹಳೆಯ ಕೋಟು ಹುಡುಕಲು ಮನೆಗೆ ಹೊರಡುತ್ತಾರೆ.

ಮೂರು ಗಂಟೆಗೆ ಆರು ಮುಖವಾಡಗಳು ಫೈಟ್ ಅವರ ಅಡುಗೆಮನೆ ಹೊಕ್ಕವು. ಆರನೆಯದರೊಳಗೆ ನಾನಿದ್ದೆ, ಹಾಗಾಗಿ ಮುಂದಿನದು ಕೇಳಿ ಬರೆದದ್ದಲ್ಲ. ಬುರ್ಗಿಗೆ ಹಳೆಯ ಕೋಟು, ಇಳಿಬಿದ್ದ ಹ್ಯಾಟು. ಬಲಗಾಲು ಎಳೆದು ನಡೆದರು. ಒಲೆಯ ಪಕ್ಕ ಕೂತು ಬಾರದ ಕೆಮ್ಮು ಕೆಮ್ಮಿದರು. ಹಸು ಒದ್ದಂತೆ ಹಾರಿದರು. ಕೊನೆಗೆ ಕಿಟಕಿ ತೆರೆದು, ಕಣ್ಣಿಗೆ ಕಾಣದ ಕಾಗದವೊಂದನ್ನು ತಿರುಗಿಸಿ ಮುರುಗಿಸಿ ಓದಿ, ಮೂಗೊರೆಸಿ ಹೊರಗೆಸೆದರು.

ಫೈಟ್ ಅವರ ಮೀಸೆ ಅಲುಗಿತು. "ಯಾವನೋ ನೀನು? ನನ್ನನ್ನೇ ನನ್ನ ಮನೇಲಿ ಆಡ್ತೀಯಾ? ಕಮ್ಮಾರನ ಮಗನಾ? ತೆಗಿ ಕೈಗವಸು, ಕೊಡು ಕೈ!"

ಬುರ್ಗಿ ಕೊಟ್ಟರು. ಫೈಟ್ ಅದನ್ನು ಎರಡೂ ಕೈಯಲ್ಲಿ ಹಿಡಿದರು. ಜಲ್ಲಿಪುಡಿ ತಿಂದು ಬಿರಿದ ಬೆರಳುಗಳು. ಹೆಬ್ಬೆರಳಿನಿಂದ ಒಮ್ಮೆ ಸವರಿದರು, ಮತ್ತೆ ಸವರಿದರು. ಮೀಸೆಯ ಅಲುಗಾಟ ನಿಂತಿತು.

"ಬುರ್ಗಿ," ಎಂದರು. "ಮಾರ್ಟಿನ್ ಹಬ್ಬಕ್ಕೆ ಬರಬೇಕಿದ್ದ ಕೈ ಇದು."

ಬುರ್ಗಿ ಮುಖವಾಡ ತೆಗೆದರು. "ತಪ್ಪು ನಂದೇ ಕಣೋ."

"ಎರಡು ಲೋಟ ಇಟ್ಕೊಂಡು ಕತ್ತಲಾಗೋವರೆಗೆ ಕೂತಿದ್ದೆ. ಮಾರನೇ ದಿನ ಅಂಚೆಯವನು ಬಂದ." ಫೈಟ್ ಕೈ ಬಿಡಲಿಲ್ಲ. "ಆ ಕಡಲ ಕಡೆಯ ಮುದುಕ ಇದಾನಲ್ಲ, ಪ್ರತಿ ವರ್ಷ ನನ್ನ ಮನೆ ನೋಡಿ ಹ್ಯಾಟ್ ಎತ್ತೋನು. ಈ ಸಲ ಗಳು ಹತ್ರ ನಿಂತೂ ಎತ್ತಿದ. ಎತ್ತಿ ವಾಪಸ್ ಹೋದ. ಕಿಟಕೀಲೇ ಇದ್ದೆ, ಎದ್ದು ಹೋಗಿ ತೆಗೀಬಹುದಿತ್ತು. ತೆಗೀಲಿಲ್ಲ."

"ಅವರು ಇನ್ನು ಬರಲ್ಲ, ಫೈಟ್."

"ಗೊತ್ತು."

ಇಬ್ಬರೂ ಕೈ ಹಿಡಿದುಕೊಂಡೇ ನೆಲ ನೋಡುತ್ತ ನಿಂತಿದ್ದರು. ಆಗ ಆಫ್ರಾ ಮುಖವಾಡ ಕಿತ್ತು ಗಂಟಲು ಸರಿಮಾಡಿಕೊಂಡರು.

"ಫೈಟ್, ಅವಳು ನಿನ್ನ ಒಲೆ ಪಕ್ಕ ಕೂತಳು. ಸೊಂಟನೋವು ಬಿಟ್ಟು ಉಳಿದಿದ್ದೆಲ್ಲ ಮಾತಾಡಿದೆ. ನೀನೇ ಕೈ ಕೇಳಿದೆ, ಅವಳು ಕೊಟ್ಟಳು, ನೀನು ಹಿಡಿದೆ. ಇನ್ನೂ ಬಿಟ್ಟಿಲ್ಲ. ಸಾಕ್ಷಿ ಐದು ಜನ. ಏಪ್ರಿಲ್‌ವರೆಗೆ ನೆಲ ಯಾರದ್ದು?"

ಫೈಟ್ ತಮ್ಮ ಕೈ ನೋಡಿಕೊಂಡರು. ಬುರ್ಗಿಯ ಮೈಮೇಲಿದ್ದ ತಮ್ಮದೇ ತರಹದ ಕೋಟು ನೋಡಿದರು, ಹ್ಯಾಟು ನೋಡಿದರು. ತಾವು ತಮಗೇ ಕೈ ಕೊಟ್ಟುಕೊಂಡು ಸಿಕ್ಕಿಬಿದ್ದದ್ದು ನಿಧಾನವಾಗಿ ತಲೆಗೆ ಹೋಯಿತು. ಮೊದಲು ಹೊಟ್ಟೆ ಕುಣಿಯಿತು, ಆಮೇಲೆ ಭುಜ.

"ನಾಳೆ ಬೆಳಿಗ್ಗೆ ಗುಡಿಸಲ ತನಕ ಉರುಳೆ ಹೊಡೀತೀನಿ," ಎಂದರು ಬುರ್ಗಿ, ಕಣ್ಣೊರೆಸಿಕೊಳ್ಳುತ್ತ. "ಬರೋವ್ರು ಬರ್ಲಿ, ಬಿಡ್ಲಿ. ನನ್ನ ದಾರೀಲಿ ಹೋದವ್ರು ತಲುಪ್ಬೇಕು, ಅಷ್ಟೇ."

ಫೈಟ್ ಹೂಂ ಎಂಬಂತೆ ಅವರ ಕೈಯನ್ನು ಇನ್ನೊಮ್ಮೆ ಕುಲುಕಿ ಬಿಟ್ಟರು. ಮೇಜು ಹಿಡಿದುಕೊಂಡು, ಮೀಸೆಯೆಲ್ಲ ಒದ್ದೆಯಾಗುವಂತೆ, ನಾವು ಆರೂ ಜನ ಸೇರಿ ನಕ್ಕದ್ದಕ್ಕಿಂತ ಜೋರಾಗಿ ನಗುತ್ತಿದ್ದರು.