ಕಾಶಮ್ಮ ಜಗ್ಗಿದ ಕೈ

ಅಥವಾ ಇದನ್ನೆಲ್ಲ ನಾನೇ ಕಟ್ಟಿಕೊಂಡಿರಬಹುದು. ಎಣ್ಣೆಯ ಬಟ್ಟಲು, ಬಚ್ಚಲ ಹೊಗೆ, ಚಾಚಿದ ಕಾಲುಗಳ ಮೇಲೆ ನನ್ನನ್ನು ಮಲಗಿಸಿಕೊಂಡು ಎಡಗೈ ಜಗ್ಗುತ್ತಿರುವ ಕಾಶಮ್ಮ. ಎಲ್ಲ ಕಣ್ಣಿಗೆ ಕಟ್ಟಿದಂತಿದೆ ಎನ್ನುತ್ತೇನೆ. ಆಗ ನನಗೆ ಹನ್ನೆರಡು ದಿನ. ನಗಬೇಡಿ. ಕೇಳಿದ್ದನ್ನೇ ಕಂಡದ್ದೆಂದು ನಂಬಿ ನಲವತ್ತೈದು ವರ್ಷ ಕಳೆದಿದ್ದೇನೆ.

ಕೇಳಿದ್ದು ಅವ್ವನಿಂದ. ನಾನು ಹುಟ್ಟಿದ್ದು ಕಲಬುರಗಿಯ ಆಸ್ಪತ್ರೆಯಲ್ಲಿ, ಡಾಕ್ಟರು ಇಕ್ಕಳ ಹಾಕಿ ಎಳೆದ ಮೇಲೆ. ಬಾಣಂತನ ನಡೆದದ್ದು ಅವ್ವನ ತವರು ಕಮಲಾಪುರದಲ್ಲಿ. ಕೂಸಿಗೆ ಎಣ್ಣೆ ಹಚ್ಚಿ ಎರೆಯಲು ಬರುತ್ತಿದ್ದವಳು ಕಾಶಮ್ಮ. "ಜಗ್ಗಿ ಜಗ್ಗಿ ನನ್ನ ಕೂಸಿನ ಕೈ ಹಾಳು ಮಾಡಿದ್ಲು" ಎಂಬ ಅವ್ವನ ಮಾತು ಊರೆಲ್ಲ ಹಬ್ಬಿತು. ಆಮೇಲೆ ಯಾವ ಬಾಣಂತಿಯ ಮನೆಯವರೂ ಅವಳನ್ನು ಕರೆಯಲಿಲ್ಲ. ನನ್ನ ಎಡಗೈ ಇಂದಿಗೂ ಭುಜದಿಂದ ಮೇಲೇಳುವುದಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿಯಲು ಒದ್ದಾಡುವಾಗೆಲ್ಲ ಅವಳನ್ನು ಬೈದಿದ್ದೇನೆ. ಬೈಯಲು ಒಬ್ಬರಿದ್ದರೆ ಎಷ್ಟು ಅನುಕೂಲ!

ಕಳೆದ ವಾರ ತಂಗಿಯ ಮಗಳು ಹೆತ್ತಳು. ಎರಡೇ ದಿನದ ಕೂಸು, ಇನ್ನೂ ಯಾರೂ ಎಣ್ಣೆ ಮುಟ್ಟಿಸಿರಲಿಲ್ಲ. ಡಾಕ್ಟರಮ್ಮ ಅದರ ಬಲಗೈ ಎತ್ತಿ ಬಿಟ್ಟರು. ಕೈ ಜೋತುಬಿತ್ತು.

"ತಲಿ ಬಂದ ಮ್ಯಾಲ ಭುಜ ಒಳಗ ಸಿಕ್ಕೊಂಡಿತ್ರೀ. ಹೊರಗ ತೆಗಿಯುವಾಗ ಕುತ್ತಿಗಿ ನರ ಜಗ್ಗ್ಯಾವ. ಭಾಳ ಕೂಸುಗಳಿಗೆ ಸುಧಾರಿಸ್ತದ, ಗಾಬರಿ ಆಗಬ್ಯಾಡ್ರಿ."

ಗಾಬರಿಯಾದದ್ದು ನಾನು. ಮರುದಿನವೇ ಕಮಲಾಪುರದ ಬಸ್ಸು ಹತ್ತಿದೆ.

ಕಾಶಮ್ಮ ಮನೆಯ ಮುಂದೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ನಾನು ಹೆಸರು ಹೇಳಲಿಲ್ಲ, ನಮಸ್ಕರಿಸಲು ಎರಡೂ ಕೈ ಎತ್ತಲು ಹೋದೆ, ಎಡಗೈ ಏಳಲಿಲ್ಲ. ಅಷ್ಟೇ ಸಾಕಾಯಿತು.

"ಇಷ್ಟು ವರ್ಷಕ್ಕ ಬಂದ್ಯಾ ನನ್ನಪ್ಪಾ? ಬೈಯಾಕ ಬಂದಿದ್ರ ನೆಳ್ಳಿಗಿ ಬಾ, ಕೂತು ಬೈ."

"ಕೇಳಾಕ ಬಂದೀನಿ, ಆಯಿ. ಕೈ ನೀ ಜಗ್ಗಿದ್ದೇನು?"

"ಜಗ್ಗೀನಿ. ಸುಳ್ಳು ಯಾಕ ಹೇಳ್ಲಿ? ಆದ್ರ ಮೊದಲನೇ ಸಲ ಕಾಲ ಮ್ಯಾಲ ಹಾಕ್ಕೊಂಡಾಗೇ ನೋಡಿದ್ದೆ. ಆ ಕೈ ಆಡ್ತಿದ್ದಿಲ್ಲ."

"ಮತ್ತ ಅವ್ವಗ ಯಾಕ ಹೇಳಲಿಲ್ಲ?"

"ಹಸಿ ಬಾಣಂತಿ. ಎದಿ ಒಡಕೊಂಡ್ರ ಹಾಲು ಬತ್ತತಾವ. ಎಣ್ಣಿ ಹಚ್ಚಿ ನಾನೇ ಸರಿ ಮಾಡ್ತೀನಿ, ಯಾರಿಗೂ ತಿಳಿಯೂದು ಬ್ಯಾಡ ಅಂದ್ಕೊಂಡೆ." ಮೊರದ ಕಡೆ ನೋಡುತ್ತಲೇ ಸೇರಿಸಿದಳು: "ನಾ ಸಾಯೂದ್ರೊಳಗ ನಿಮ್ಮವ್ವ ಇಲ್ಲಿ ಬಂದು ನಾಕು ಮಂದಿ ಮುಂದ ಹೇಳಲಿ, ಕಾಶಮ್ಮಂದು ತಪ್ಪಿಲ್ಲಂತ. ಬ್ಯಾರೆ ಏನೂ ಬ್ಯಾಡ."

ಕಲಬುರಗಿಯ ಗಾಜಿಪುರದ ಮನೆಗೆ ಮರಳಿ ಅವ್ವನಿಗೆ ಎಲ್ಲ ಹೇಳಿದೆ. ಅವಳು ಟಿವಿಯ ದನಿ ತಗ್ಗಿಸಿದಳು.

"ಇಕ್ಕಳ ಹಾಕಿದ ಆ ಡಾಕ್ಟರು ನಮ್ಮಿಬ್ಬರನೂ ಉಳಿಸಿ ಕೊಟ್ಟಾರ. ಅವರಿಗೆ ಏನಂತ ಬೈಲಿ?"

"ಅದಕ್ಕ ಆಕಿಗಿ ಬೈದ್ಯಾ?"

ಅವ್ವ ಟಿವಿ ಪೂರ್ತಿ ಆರಿಸಿದಳು. "ಮುಂಜಾನಿ ಬಸ್ಸು ಎಷ್ಟಕ್ಕದ?" ಎಂದಳು.

ನಾಳೆ ಹೋಗುತ್ತಿದ್ದೇವೆ. ಅವ್ವನಿಗೆ ಆಗಲೇ ಗೊತ್ತಿತ್ತೋ, ನಾನು ಹೇಳಿದ ಮೇಲೆ ಹೊಳೆಯಿತೋ ತಿಳಿಯದು. ಕಾಶಮ್ಮ ಹೇಳಿದ್ದು ಕಂಡದ್ದನ್ನೋ, ಅವಳೂ ನನ್ನಂತೆ ಕಟ್ಟಿಕೊಂಡದ್ದನ್ನೋ? ಅವಳು ಜಗ್ಗಿದ್ದರಿಂದ ನನ್ನ ಕೈ ಇಷ್ಟಾದರೂ ಉಳಿಯಿತೋ, ಉಳಿಯಬಹುದಾದಷ್ಟು ಉಳಿಯಲಿಲ್ಲವೋ, ಅದೂ ನನಗೆ ಗೊತ್ತಿಲ್ಲ.