ಒಂದೇ ಅಕ್ಷರದ ಲೆಕ್ಕ

ಕಾಲೇಜಿನಲ್ಲಿ ಎಲ್ಲರೂ ಅವರನ್ನು ಸೀಮೆಸುಣ್ಣದ ಮೇಷ್ಟ್ರು ಎನ್ನುತ್ತಿದ್ದರು. ಮೂವತ್ತೊಂದು ವರ್ಷ ಗಣಿತ ಹೇಳಿದ ಮೇಲೆ ಅಂಗಿಯ ಬಲತೋಳಿನ ಬಿಳುಪು ಯಾವ ಸಾಬೂನಿಗೂ ಬಗ್ಗುತ್ತಿರಲಿಲ್ಲ. ವಾರಕ್ಕೆ ಇಪ್ಪತ್ತೆರಡು ಪಾಠ. ಮನೆ ಸೇರುವಷ್ಟರಲ್ಲಿ ಕಾಲು ಕಂಬವಾಗಿರುತ್ತಿದ್ದವು. ಆದರೂ ಹನ್ನೊಂದು ವರ್ಷದಿಂದ ಡಾಕ್ಟರೇಟಿಗೆಂದು ಪ್ರಬಂಧ ಬರೆಯುತ್ತಿದ್ದರು. ಶನಿವಾರ ಅದನ್ನು ಒಪ್ಪಿಸಲು ಕಡೆಯ ದಿನ. ಅದು ದಾಟಿದರೆ ನೋಂದಣಿ ರದ್ದು. ನಿವೃತ್ತಿಗೆ ಎಂಟು ತಿಂಗಳಿದ್ದವರಿಗೆ ಇನ್ನೊಂದು ನೋಂದಣಿ ಕನಸಿನ ಮಾತು.

ಪ್ರಬಂಧದ ವಿಷಯ ಇಷ್ಟು. ಕೆಲವು ಅಕ್ಷರಗಳನ್ನು ಇಟ್ಟುಕೊಂಡು, ಒಪ್ಪಿದ ನಿಯಮದ ಹೊರತು ಬೇರೆ ಕಟ್ಟಿಲ್ಲದೆ ಗುಣಿಸುತ್ತ ಹೋದರೆ ಸಿಗುವುದು ಸ್ವತಂತ್ರ ರಚನೆ. ಅದರೊಳಗಿನ ಕೆಲವನ್ನು ಆರಿಸಿ, ಅವನ್ನೇ ತಮ್ಮತಮ್ಮಲ್ಲಿ ಗುಣಿಸಿದರೆ ಹುಟ್ಟುವ ಭಾಗವೂ ಸ್ವತಂತ್ರವೇ? ಕೆಲವು ನಿಯಮಗಳಲ್ಲಿ ಹೌದು, ಕೆಲವುಗಳಲ್ಲಿ ಅಲ್ಲ. ಮೇಷ್ಟ್ರ ಗುಣಾಕಾರದಲ್ಲಿ ಯಾವುದು ಮೊದಲು, ಆವರಣ ಎಲ್ಲಿ ಎಂಬುದೆಲ್ಲ ಮುಖ್ಯ. ನಿಯಮ ಒಂದೇ: ತನ್ನನ್ನೇ ತಾನು ಗುಣಿಸಿಕೊಂಡದ್ದು, ಅಂದರೆ ವರ್ಗ, ಯಾರ ಜೊತೆಗೂ ಎಡಬಲ ಬದಲಿಸಿಕೊಳ್ಳಬಹುದು, ಗುಣಲಬ್ಧ ಬದಲಾಗದು. ಇಲ್ಲಿ ಉತ್ತರ ಯಾವಾಗಲೂ 'ಹೌದು' ಎಂದು ಅವರು ನಾಲ್ಕು ಅಧ್ಯಾಯಗಳಲ್ಲಿ ಸಾಧಿಸಿದ್ದರು.

ಬುಧವಾರ ಪರೀಕ್ಷಾ ಕೊಠಡಿಯ ಕಾವಲು. ಸಾಲುಸಾಲಿನ ನಡುವೆ ಕಾಲೆಳೆಯುತ್ತಿದ್ದಾಗ ಒಬ್ಬ ಹುಡುಗಿ ಕೇಳಿದಳು: "ಸರ್, ಒಂದೇ ಅಕ್ಷರ ಇಟ್ಕೊಂಡು ಉದಾಹರಣೆ ಕೊಟ್ರೆ ನಡಿಯತ್ತಾ?"

"ಒಂದಕ್ಷರದಲ್ಲಿ ಏನಿದೆ ಮಣ್ಣು! ಎರಡು ತಗೋಮ್ಮ."

ಎರಡು ಹೆಜ್ಜೆ ಇಟ್ಟು ನಿಂತರು. ತಾವೂ ಹನ್ನೊಂದು ವರ್ಷ ಎರಡು, ಮೂರು ಅಕ್ಷರಗಳನ್ನೇ ಪರೀಕ್ಷಿಸಿದ್ದರು; ಒಂದರ ತಂಟೆಗೆ ಹೋಗಿರಲಿಲ್ಲ.

ಖಾಲಿ ಹಾಳೆಯೊಂದರ ಮೇಲೆ 'ಅ' ಬರೆದರು. ಪಕ್ಕದಲ್ಲಿ ಅಅ, ಅದರ ಪಕ್ಕದಲ್ಲಿ ಅ(ಅಅ). ಕೊನೆಯ ಎರಡರಿಂದ ಹುಟ್ಟುವ ಭಾಗದಲ್ಲಿ ಅ ಇಲ್ಲ. ಒಳಗಿನವರ ಕಣ್ಣಿಗೆ ಅಅ ಯಾರ ವರ್ಗವೂ ಅಲ್ಲ, ಮೂಲದ್ದೇ ಒಂದು. ಹಾಗಿದ್ದೂ ಅದು ಇನ್ನೊಂದರ ಜೊತೆ ಎಡಬಲ ಬದಲಿಸಿಕೊಳ್ಳುತ್ತಿತ್ತು. ಸ್ವತಂತ್ರವಾದ ಎರಡು ಮೂಲಗಳಿಗೆ ಆ ಹಕ್ಕಿಲ್ಲ; ಅಂದರೆ ಈ ಭಾಗ ಸ್ವತಂತ್ರವಲ್ಲ. ಅಪ್ಪನಾದ 'ಅ' ಹೊರಗೇ ಉಳಿದಿದ್ದ. ಅವನ ಹೆಸರಿನಲ್ಲಿ ಸಿಕ್ಕ ಸಲಿಗೆ ಮಾತ್ರ ಮಗನ ಜೊತೆ ಒಳಗೆ ಬಂದಿತ್ತು.

ಮೇಷ್ಟ್ರು ಅದನ್ನೇ ಮೊದಲಿನಿಂದ ಮತ್ತೆ ಬರೆದು ನೋಡಿದರು. ಗಂಟೆ ಹೊಡೆದದ್ದು ಕೇಳಿಸಲಿಲ್ಲ.

ಮರುದಿನ ಹಾಳೆಯನ್ನು ಮಾರ್ಗದರ್ಶಕಿಯ ಮುಂದಿಟ್ಟರು. ಆಕೆ ಒಂದು ಕಾಲಕ್ಕೆ ಅವರದೇ ತರಗತಿಯ ಮುಂದಿನ ಬೆಂಚಿನವಳು. ಪೆನ್ನಿನ ಮುಚ್ಚಳ ಕಚ್ಚುತ್ತ ಎರಡು ಸಲ ನೋಡಿದಳು.

"ಸರಿಯಾಗಿದೆ ಸರ್. ಪ್ರಬಂಧ ಬಿತ್ತು. ಇಷ್ಟು ದಿನ ನನಗೂ ಕಾಣ್ಲಿಲ್ವಲ್ಲ!"

"ನಿನಗೆ ಕಲಿಸಿದೋನು ನಾನೇ ತಾನೇ. ಎಲ್ಲಿಂದ ಕಾಣತ್ತೆ?"

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು.

"ನೀವು ಹೇಳ್ದೇ ಇದ್ದಿದ್ರೆ ಪರೀಕ್ಷಕರಿಗೂ ಗೊತ್ತಾಗ್ತಿರ್ಲಿಲ್ಲವೇನೋ," ಎಂದಳು ಆಕೆ, ತಲೆ ತಗ್ಗಿಸಿ.

"ಇರಬಹುದು. ನನಗೆ ಗೊತ್ತಾಯ್ತಲ್ಲಮ್ಮ."

"ಇದು ಮೂರು ಪುಟದ ಲೇಖನ ಆಗತ್ತೆ ಸರ್. ಶನಿವಾರಕ್ಕೆ ಪ್ರಬಂಧ ಆಗಲ್ಲ."

"ಆಗಲ್ಲ," ಎಂದು ಮೇಷ್ಟ್ರು ಕೊಡೆ ಎತ್ತಿಕೊಂಡರು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕೇಳಿದರು: "ಮುಗೀತಾ?"

"ಮುಗೀತು. ಒಪ್ಪಿಸಲ್ಲ. ನಾನು ಹೇಳಿದ್ದು ಸುಳ್ಳಾಗಿತ್ತು."

ಆಕೆ ಅವರ ಕೈಯಿಂದ ಕೊಡೆ ತೆಗೆದುಕೊಂಡರು. "ಹನ್ನೊಂದು ವರ್ಷ ಊಟದ ಮೇಜಲ್ಲಿ ಅರ್ಧ ನಿಮ್ಮ ಕಾಗದಕ್ಕೆ ಬಿಟ್ಕೊಟ್ಟಿದ್ದೆ. ಇವತ್ತಾದ್ರೂ ಎತ್ತಿ. ಆಮೇಲೆ ಕಾಲು ತನ್ನಿ, ಬಿಸಿನೀರು ಕಾಯಿಸಿದೀನಿ."

ನಾಲ್ಕು ಅಧ್ಯಾಯಗಳು ಹಳೆಯ ಪತ್ರಿಕೆಗಳ ಕಟ್ಟಿನ ಮೇಲೆ ಹೋದವು. ಬಕೆಟ್ಟಿನಲ್ಲಿ ಕಾಲಿಟ್ಟು, ಖಾಲಿಯಾದ ಮೇಜಿನ ಮೂಲೆಯಲ್ಲಿ ಮೇಷ್ಟ್ರು ಹೊಸ ಹಾಳೆ ಹರವಿದರು. ಕಣ್ಣು ಎಳೆಯುತ್ತಿದ್ದರೂ ದುಂಡಗೆ ಬರೆದರು: 'ಒಂದೇ ಒಂದು ಅಕ್ಷರವನ್ನು ತೆಗೆದುಕೊಳ್ಳೋಣ.'