ವಿಕರ್ಣದ ಮೇಲೆ ಕೂತ ತ್ರಿಭುಜ

ಹೂಟಗಳ್ಳಿಯ ಚಾಮುಂಡೇಶ್ವರಿಗೆ ‘ಬುಡು’ ಅನ್ನುವ ಮಾತು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತದೆ. ಉರಿಯದೆ ಇನ್ನೇನು? ಹೆಬ್ಬಾಳದ ಗಾರ್ಮೆಂಟ್ಸ್‌ನಲ್ಲಿ ಅವಳು ಕಾಲರ್ ಹೊಲಿಯಲು ಕಲಿಸಿಕೊಟ್ಟ ಹುಡುಗಿಯರೇ ಒಬ್ಬೊಬ್ಬರಾಗಿ ಸೂಪರ್‌ವೈಸರ್ ಆದರು. ಅವಳು ಕೇಳಿದಾಗಲೆಲ್ಲ ಆಫೀಸಿನವರು, ‘ಎಸ್ಸೆಸ್ಸೆಲ್ಸಿ ಆಗಿಲ್ವಲ್ಲಮ್ಮ, ಬಿಡಿ’ ಎಂದರು. ಆಗದೆ ಉಳಿದದ್ದು ಗಣಿತ ಒಂದೇ. ಹುಡುಗಿಯಾಗಿದ್ದಾಗ ಡುಮ್ಕಿ ಹೊಡೆದ ಆ ಪರೀಕ್ಷೆಯನ್ನು ಮಗಳು ಕಾಲೇಜಿಗೆ ಹೋಗುವ ಕಾಲಕ್ಕೆ ಮತ್ತೆ ಕಟ್ಟಿದಳು.

‘ಅರವತ್ತಕ್ಕೆ ಅರಳುಮರಳು ಅಂತಾರೆ, ನಮ್ ಸೊಸೆಗೆ ನಲವತ್ತಕ್ಕೇ ಬಂದ್ಬುಡ್ತು. ಬುಡೇ ಅತ್ಲಾಗಿ’ ಎಂದಳು ಅತ್ತೆ ತಿಮ್ಮಮ್ಮ, ಬೀದಿಗೆಲ್ಲ ಕೇಳುವ ಹಾಗೆ.

ಪಾಠಕ್ಕೆ ಸೇರಿದ್ದು ಕುವೆಂಪುನಗರದ ಲಕ್ಷ್ಮೀನರಸಿಂಹ ಮೇಷ್ಟ್ರ ಹತ್ತಿರ. ಮೇಷ್ಟ್ರು ಕೆಟ್ಟವರಲ್ಲ. ಫೇಲಾದವರನ್ನು ಹೇಗಾದರೂ ದಡ ಮುಟ್ಟಿಸುವುದು ಅವರ ಕಸುಬು, ಅದಕ್ಕೆ ಅವರದೇ ಅಡ್ಡದಾರಿಗಳು. ಬೋರ್ಡಿನಲ್ಲಿ ಅವರ ಲಂಬಕೋನ ಯಾವಾಗಲೂ ಎಡಗಡೆ ಕೆಳಗೇ ಇರುತ್ತಿತ್ತು. ‘ಓರೆ ಗೆರೆಯೇ ವಿಕರ್ಣ, ಉಳಿದೆರಡರ ವರ್ಗ ಕೂಡಿದರೆ ಅದರ ವರ್ಗ’ ಎಂದು ರಾಗವಾಗಿ ಹೇಳಿಸುತ್ತಿದ್ದರು. ಚಾಮುಂಡೇಶ್ವರಿ ಶಿಫ್ಟಿನ ಬಸ್ಸಿನಲ್ಲೂ ಅದನ್ನೇ ಗುನುಗಿದಳು. ಕಾಣದ ಕೋನ ಹುಡುಕುವುದಂತೂ ನೀರು ಕುಡಿದಷ್ಟು ಸಲೀಸಾಯಿತು. ಮೂರೂ ಸೇರಿ ನೂರ ಎಂಬತ್ತು, ಗೊತ್ತಿರುವ ಎರಡನ್ನು ಕಳೆದರೆ ಆಯಿತು.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ತ್ರಿಭುಜ ಬೇರೆ ಥರ ಬಂತು. ಲಂಬಕೋನ ನೆತ್ತಿಯ ಮೇಲೆ. ಕೆಳಗಿನ ಅಡ್ಡಗೆರೆ ಹದಿಮೂರು, ಒಂದು ಓರೆ ಗೆರೆ ಐದು, ಇನ್ನೊಂದು ಓರೆ ಗೆರೆ ಎಷ್ಟು? ಅವಳು ರಾಗದ ಪ್ರಕಾರ ಆ ಕಾಣದ ಓರೆಯನ್ನೇ ವಿಕರ್ಣ ಮಾಡಿ, ಹದಿಮೂರರ ವರ್ಗಕ್ಕೆ ಐದರ ವರ್ಗ ಕೂಡಿ ಮುಗ್ಗರಿಸಿದಳು. ಇಡೀ ಬ್ಯಾಚೇ ಅದೇ ತಪ್ಪು ಮಾಡಿತ್ತು.

‘ಇಂಥ ತಿರುಗಾಮುರುಗಾ ಲೆಕ್ಕ ಬಂದ್ರೆ ಬಿಟ್ಬಿಡಿ ಕಣಮ್ಮ. ಪಾಸಾಗೋಕೆ ಬೇರೆವು ಸಾಕು’ ಎಂದರು ಮೇಷ್ಟ್ರು.

‘ನಾನು ಬುಡಕ್ಕಿಲ್ಲ ಸಾರ್. ಬುಟ್ಟು ಬುಟ್ಟೇ ಇಲ್ಲಿಗಂಟ ಬಂದಿರೋದು. ಯಾಕ್ ತಪ್ಪಾಯ್ತು ಅಂತ ಹೇಳ್ಕೊಡಿ.’

ಮೇಷ್ಟ್ರು ಅವಳ ಮುಖ ನೋಡಿದರು. ಆಮೇಲೆ ಬೋರ್ಡು ಒರೆಸಿದರು. ‘ಹಾಗಾದ್ರೆ ಓರೆ ಅನ್ನೋದನ್ನ ಮರೀರಿ. ಲಂಬಕೋನದ ಎದುರಿಗಿರೋದೇ ವಿಕರ್ಣ. ಅದು ಮಲಗಿರ್ಲಿ, ನಿಂತಿರ್ಲಿ.’

ಮಾರನೆಯ ದಿನದಿಂದ ಅವಳು ಕಟಿಂಗ್ ಮೇಜಿನ ಕೆಳಗೆ ಬಿದ್ದಿದ್ದ ಮೂರು ಮೂಲೆಯ ಬಟ್ಟೆ ಚೂರೊಂದನ್ನು ಊಟದ ಹೊತ್ತಿನಲ್ಲಿ ಹೊರಳಿಸಿ ಹೊರಳಿಸಿ ನೋಡತೊಡಗಿದಳು. ಪಕ್ಕದವರು ತಲೆ ಕೆಟ್ಟಿತು ಎಂದುಕೊಂಡರು.

ನಿಜವಾದ ಪರೀಕ್ಷೆಯಲ್ಲಿ ತ್ರಿಭುಜ ಕುಡಿದವನ ಹಾಗೆ ಪಕ್ಕಕ್ಕೆ ವಾಲಿಕೊಂಡಿತ್ತು, ಮೂರು ಗೆರೆಯೂ ಓರೆ. ಪ್ರಶ್ನೆಪತ್ರಿಕೆ ತಿರುಗಿಸಿದಳು. ಕಾವಲಿಗಿದ್ದ ಮೇಡಂ ಓಡಿ ಬಂದರು.

‘ತಿರುಗಿಸಿ ಯಾರಿಗೆ ತೋರಿಸ್ತಿದ್ದೀರಿ? ನೇರ ಇಡಿ. ಬರದಿದ್ರೆ ಬಿಟ್ಟು ಮುಂದಿನದು ಬರೀರಿ.’

‘ನೇರ ಮಡಗ್ತೀನಿ ಮೇಡಂ. ಬುಡೋದು ಮಾತ್ರ ಇಲ್ಲ.’

ಪತ್ರಿಕೆ ನೇರ ಇಟ್ಟು, ತಾನೇ ಸೊಂಟ ತಿರುಗಿಸಿ ಕುತ್ತಿಗೆ ವಾಲಿಸಿ ಕೂತಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಕ್ಕರೆ ನಗಲಿ, ಅವರಪ್ಪನ ಮನೆ ಗಂಟೇನು ಹೋಯಿತು! ಲಂಬಕೋನ ಸಿಕ್ಕಿತು, ಅದರೆದುರಿಗೆ ವಿಕರ್ಣ ಸಿಕ್ಕಿತು. ಈ ಸಲ ಕೂಡಲಿಲ್ಲ, ಕಳೆದಳು.

ಪಾಸಾದಳು, ಅಂಚಿನಲ್ಲೇ. ಆ ಲೆಕ್ಕ ಬಿಟ್ಟಿದ್ದರೆ ಮತ್ತೆ ಫೇಲು.

ಅಂಕಪಟ್ಟಿ ತಂದು ಆಫೀಸಿನ ಮೇಜಿನ ಮೇಲಿಟ್ಟಳು. ಸಾಹೇಬರು ಅದನ್ನು ಹಿಂದೆ ಮುಂದೆ ನೋಡಿ, ‘ಸಂತೋಷ ಕಣಮ್ಮ. ಆದ್ರೆ ಜಾಗ ಇದೆಯೋ ಇಲ್ವೋ... ಮುಂದಿನ ಸಲ ನೋಡೋಣ, ಬಿಡಿ’ ಎಂದರು.

ಅಷ್ಟು ವರ್ಷ ಆ ಮೇಜಿನ ಮುಂದೆ ನಿಂತೇ ಮಾತಾಡಿದ್ದ ಚಾಮುಂಡೇಶ್ವರಿ ಕುರ್ಚಿ ಎಳೆದುಕೊಂಡಳು.

‘ಈಗ್ಲೇ ನೋಡಿ ಸಾರ್. ನಾನು ಕುಂತಿರ್ತೀನಿ.’